ಕೆಟ್ಟ ಗಾಳಿ

ಆ ಅಕ್ಕ ಹೆದರದೆ ಬಿಟ್ಟ ವಸ್ತು ಈ ಭೂಮಿಯ ಮೇಲೆ ಇತ್ತೋ ಇಲ್ಲವೋ, ಹುಡುಕಿ ನೋಡಬೇಕಾಗಿತ್ತು. ಹಲ್ಲಿಗೆ ಹೆದರುತ್ತಿದ್ದಳು, ಗುಡುಗಿಗೆ ಹೆದರುತ್ತಿದ್ದಳು. ಹೊತ್ತಲ್ಲದ ಹೊತ್ತಿನಲ್ಲಿ ಫೋನು ಬಡಿದುಕೊಂಡರೆ ಕೈಯಲ್ಲಿದ್ದ ಕತ್ತರಿ ಕೆಳಗೆ ಬೀಳುತ್ತಿತ್ತು. ಯಾವುದಕ್ಕೂ ಹೆದರುವ ಕಾರಣ ಸಿಗದ ದಿನ, ಇವತ್ತೇಕೆ ಏನೂ ಆಗಲಿಲ್ಲ ಎಂದು ಹೆದರುತ್ತಿದ್ದಳು. ಆದರೆ ಇವೆಲ್ಲ ಚಿಲ್ಲರೆ ಹೆದರಿಕೆಗಳು. ಇಡಿಗಂಟಿನ ಹೆದರಿಕೆ ಒಂದೇ ಒಂದು: ತಮ್ಮನಿಗೆ ಏನಾದರೂ ಆಗಿಬಿಟ್ಟರೆ?

ತಮ್ಮನದು ಹೆದ್ದಾರಿಯ ಪಕ್ಕ ಪಂಕ್ಚರ್ ಅಂಗಡಿ. "ಗಾಳಿ ಮಾರಿಕೊಂಡು ಬದುಕುವವನು ನಾನು, ಸರಕು ಮುಗಿಯೋ ಮಾತೇ ಇಲ್ಲ" ಎಂದು ಬಂದವರಿಗೆಲ್ಲ ಹೇಳುತ್ತಿದ್ದ. ಅಂಗಡಿಯ ಹಿಂದಿನ ಕೋಣೆಯಲ್ಲಿ ಅಕ್ಕನ ಹೊಲಿಗೆ ಯಂತ್ರ. ಬೈಕಿನದು, ಆಟೋದ್ದು, ಲಾರಿಯದು, ಯಾವ ಸೀಟಿಗೆ ಬೇಕಾದರೂ ಕವರು ಹೊಲಿದುಕೊಡುತ್ತಿದ್ದಳು. ರೆಕ್ಸಿನ್ನಿನ ಸುರುಳಿಗಳ ನಡುವೆ ಅವಳ ಮಂಚ, ಟೈರುಗಳ ನಡುವೆ ಅವನ ಚಾಪೆ, ಮಧ್ಯದ ಕಿಷ್ಕಿಂಧೆಯಲ್ಲಿ ಒಂದು ಒಲೆ. ಅವರ ಸಂಸಾರ ಅಷ್ಟೇ. ಅಪ್ಪನನ್ನು ತಮ್ಮ ನೋಡಿದ್ದೇ ಇಲ್ಲ. ಅಮ್ಮ ಜ್ವರದಲ್ಲಿ ತೀರಿಕೊಂಡಾಗ ಅವನಿಗೆ ನಾಲ್ಕು ತುಂಬಿರಲಿಲ್ಲ, ಅಕ್ಕ ಇನ್ನೂ ಶಾಲೆಗೆ ಹೋಗುವ ಹುಡುಗಿ. ಅಮ್ಮನ ಮುಖ ಅವನಿಗೆ ನೆನಪಿಲ್ಲ. ಉಣ್ಣಿಸಿದ್ದು, ಮೂಗು ಒರೆಸಿದ್ದು, ಬೈದದ್ದು, ಬೆನ್ನಿಗೆ ಗುದ್ದಿದ್ದು ಎಲ್ಲ ಅಕ್ಕನೇ. ಮದುವೆಯ ಮಾತು ಬಂದಾಗಲೆಲ್ಲ "ಇವನಿಗೊಂದು ದಾರಿ ಮಾಡಿ ಆಮೇಲೆ" ಅನ್ನುತ್ತಾ ಅನ್ನುತ್ತಾ, ಕೇಳುವವರೇ ಬೇಸತ್ತು ಕೇಳುವುದನ್ನು ಬಿಟ್ಟಿದ್ದರು.

ಇಂಥ ಪುಕ್ಕಲಿಗೆ ಸಿಕ್ಕ ತಮ್ಮ ಎಂಥವನು ಅಂತೀರಿ? ಎಲ್ಲಾದರೂ ದೆವ್ವ ಕಾಣಿಸಿತಂತೆ ಎಂದು ಸುದ್ದಿ ಬಂದರೆ ಸಾಕು, ಅಂಗಡಿಯ ಬಾಗಿಲು ಎಳೆದು ಟಾರ್ಚು ಹಿಡಿದು ಹೊರಡುವವನು. ಹೆದರಿದವರ ಮೇಲೆ ಹಾವು ಎಸೆದ ಹಾಗೆ ಅಂದರೆ ಇದೇ. ಜನ ಅವನಿಗೆ 'ದೆವ್ವದ ಡಾಕ್ಟರು' ಎಂದು ಹೆಸರಿಟ್ಟಿದ್ದರು.

ಸ್ಮಶಾನದ ತಿರುವಿನಲ್ಲಿ ಬಿಳಿ ಬಟ್ಟೆಯವಳೊಬ್ಬಳು ಕೈ ಬೀಸಿ ಕರೆಯುತ್ತಾಳೆ ಎಂದು ಲಾರಿಯವರು ಆ ರಸ್ತೆಯನ್ನೇ ಬಿಟ್ಟಿದ್ದರು. ಇವನು ಹೋಗಿ ನೋಡಿದರೆ ಮುಳ್ಳುಮರಕ್ಕೆ ಸಿಕ್ಕಿಕೊಂಡ ಪ್ಲಾಸ್ಟಿಕ್ ಹಾಳೆ. ಶಾಲೆಯ ಹಿಂದೆ ಹೆಂಗಸು ಚೀರುತ್ತಾಳೆ ಎಂದರು. ಅದು ಸೂರಿನೊಳಗೆ ಸಂಸಾರ ಹೂಡಿದ್ದ ಗೂಬೆ. ಬ್ಯಾಂಕಿನ ಗುಮಾಸ್ತರ ಬೆನ್ನು ಹತ್ತಿ ಯಾರೋ ಗೆಜ್ಜೆ ಕಟ್ಟಿಕೊಂಡು ಬರುತ್ತಿದ್ದರಂತೆ. ಅವರು ನಿಂತರೆ ನಿಲ್ಲುವುದು, ಓಡಿದರೆ ಓಡುವುದು. ತಮ್ಮ ಅವರ ಚೀಲಕ್ಕೆ ಕೈಹಾಕಿ, ಖಾಲಿ ಊಟದ ಡಬ್ಬಿಯೊಳಗಿಂದ ಚಮಚ ತೆಗೆದು, "ತಗೊಳ್ಳಿ ಸಾರ್, ನಿಮ್ಮ ಮೋಹಿನಿ" ಎಂದು ಕೈಗೆ ಕೊಟ್ಟ. ಇನ್ನೊಂದು ಸಲ ಕತ್ತಲಲ್ಲಿ ಹಸಿರಾಗಿ ಹೊಳೆಯುವ ಕೊಳೆತ ಮರದ ತುಂಡೊಂದನ್ನು ಎಲ್ಲಿಂದಲೋ ತಂದು ಅಕ್ಕನ ಮಂಚದ ಕೆಳಗಿಟ್ಟ. ಅವಳು ಕಿರುಚಿದ ಸದ್ದಿಗೆ ಹೆದ್ದಾರಿಯಲ್ಲಿ ಹೋಗುತ್ತಿದ್ದ ಲಾರಿಯೊಂದು ನಿಂತಿತು. "ಅಣಬೆ ಕಣೇ, ಮರಕ್ಕೆ ಹಿಡಿಯೋ ಬೂಷ್ಟು" ಎಂದು ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. ಅವಳು ಎರಡು ದಿನ ಮಾತು ಬಿಟ್ಟಳು.

ಇಷ್ಟಾದರೂ ಅವನು ಹೊರಟಾಗಲೆಲ್ಲ ಅವಳೂ ಹೊರಡುತ್ತಿದ್ದಳು. ಅವನ ಅಂಗಿಯ ತುದಿ ಹಿಡಿದುಕೊಂಡು, ತುಟಿಯಲ್ಲೇ ದೇವರ ಹೆಸರು ಹೇಳುತ್ತಾ ಹೋಗುತ್ತಿದ್ದಳು. ಧೈರ್ಯ ಬಂದು ಹೋಗುತ್ತಿದ್ದಳು ಎಂದುಕೊಳ್ಳಬೇಡಿ. ದೆವ್ವದ ಎದುರು ನಿಲ್ಲುವುದಕ್ಕಿಂತ, ಅವನು ಬರುತ್ತಾನೋ ಇಲ್ಲವೋ ಎಂದು ಮನೆಯಲ್ಲಿ ಬಾಗಿಲು ನೋಡುತ್ತಾ ಕೂರುವುದು ಅವಳಿಗೆ ಹೆಚ್ಚು ಕಷ್ಟವಾಗಿತ್ತು.

ಹೆದ್ದಾರಿಯ ಆಚೆ ಬದಿಗೆ, ಅವರ ಅಂಗಡಿಗೆ ಎದುರಾಗಿ, ಒಂದು ಹಳೆಯ ಚರ್ಮದ ಕಾರ್ಖಾನೆ. ಮುಚ್ಚಿ ಎಷ್ಟೋ ವರ್ಷ. ಆ ವರ್ಷ ಯಾರೋ ಅದನ್ನು ಕೊಂಡು ಗೋದಾಮು ಮಾಡಲು ಹೊರಟರು. ಕೆಲಸದವರು ಬಂದರು, ಗೋಡೆಗೆ ಸುಣ್ಣ ಹೊಡೆದರು, ಆಮೇಲೆ ಒಬ್ಬೊಬ್ಬರೇ ಬರುವುದನ್ನು ನಿಲ್ಲಿಸಿದರು. ಹಿತ್ತಲಲ್ಲಿ ನೆಲದೊಳಗೊಂದು ದೊಡ್ಡ ತೊಟ್ಟಿ ಇತ್ತು, ಹಿಂದೆ ಚರ್ಮ ತೊಳೆದ ಕೊಳಕು ನೀರು ಹೋಗಿ ಬೀಳುತ್ತಿದ್ದ ತೊಟ್ಟಿ. ಕತ್ತಲಾದ ಮೇಲೆ ಅದರ ಬಾಯಿಯ ಹತ್ತಿರ ನೀಲಿ ಬೆಳಕು ಕುಣಿಯುತ್ತದಂತೆ. ಯಾರೋ ನರಳುತ್ತಾರಂತೆ. ಮುಚ್ಚಳ ತೆಗೆದು ದೀಪ ಇಳಿಬಿಟ್ಟರೆ ಉಫ್ ಎಂದು ಊದಿದ ಹಾಗೆ ಆರಿಹೋಗುತ್ತದಂತೆ. ಬಗ್ಗಿ ನೋಡಿದವನೊಬ್ಬನಿಗೆ ಎದೆಯ ಮೇಲೆ ಯಾರೋ ಕೂತ ಹಾಗಾಗಿ, ಅವನು ಕಾಲಿಗೆ ಬುದ್ಧಿ ಹೇಳಿದವನು ಇನ್ನೂ ಊರಿಗೆ ಬಂದಿಲ್ಲವಂತೆ.

ಮೇಸ್ತ್ರಿ ಸೈಕಲ್ಲಿಗೆ ಗಾಳಿ ಹಾಕಿಸಿಕೊಳ್ಳಲು ಬಂದವನು ಇದನ್ನೆಲ್ಲ ಹೇಳಿದ. "ನೀವೊಂದ್ಸಲ ನೋಡಬೇಕು ಡಾಕ್ಟ್ರೇ. ಇಲ್ಲಾಂದ್ರೆ ನನ್ನ ಕೆಲಸ ಹೋಗುತ್ತೆ."

ಒಳಕೋಣೆಯಲ್ಲಿ ಯಂತ್ರದ ಸದ್ದು ನಿಂತಿತು. "ಬೇಡ" ಎಂದಳು ಅಕ್ಕ, ಯಾರೂ ಕೇಳದಿದ್ದರೂ.

"ರೋಗಿ ಮನೆ ಎದುರಿಗೇ ಇದ್ದಾನೆ, ಡಾಕ್ಟ್ರು ಬರಲ್ಲ ಅಂದ್ರೆ ಹೇಗಕ್ಕಾ?" ಎಂದ ತಮ್ಮ.

ಸಂಜೆ ದೀಪ ಹಚ್ಚುವ ಹೊತ್ತಿಗೆ ಮೂವರೂ ಕಾರ್ಖಾನೆಯ ಗೇಟಿನ ಹತ್ತಿರ ಹೋದರು. ಗೇಟಿನಲ್ಲಿ ಕಾವಲುಗಾರ ಅಜ್ಜ ಸ್ಟೂಲಿನ ಮೇಲೆ ಕೂತಿದ್ದ. ಕಾರ್ಖಾನೆ ನಡೆಯುತ್ತಿದ್ದ ಕಾಲದಿಂದಲೂ ಅವನೇ ಕಾವಲು.

"ಆ ತೊಟ್ಟಿ ಸಹವಾಸ ಬೇಡಪ್ಪ" ಎಂದ ಅಜ್ಜ. "ಅದರಲ್ಲಿ ಕೆಟ್ಟ ಗಾಳಿ ಇದೆ."

ತಮ್ಮ ನಕ್ಕುಬಿಟ್ಟ. "ಗಾಳಿ ವಿಷಯ ನಂಗೆ ಹೇಳ್ತೀರಾ ಅಜ್ಜಾ? ಒಳ್ಳೇದು ಕೆಟ್ಟದ್ದು ಎಲ್ಲ ನಮ್ಮ ಅಂಗಡೀಲಿ ಸಿಗುತ್ತೆ. ಯಾವುದು ಬೇಕೋ ಹೇಳಿ, ತುಂಬಿಸಿ ಕೊಡ್ತೀನಿ."

"ತಮಾಷೆ ಅಲ್ಲಪ್ಪ. ಹಿಂದೆ ಇಬ್ಬರನ್ನ ತಗೊಂಡಿದೆ. ಒಬ್ಬ ಇಳಿದ, ಮೇಲೆ ಬರಲಿಲ್ಲ. ಅವನನ್ನ ಎತ್ತೋಕೆ ಅಂತ ಇನ್ನೊಬ್ಬ ಇಳಿದ, ಅವನೂ ಬರಲಿಲ್ಲ. ಮೈ ಮೇಲೆ ಒಂದು ಗಾಯ ಇರಲಿಲ್ಲ."

ಅಕ್ಕ ತಮ್ಮನ ಅಂಗಿಯ ತುದಿ ಹಿಡಿದುಕೊಂಡಳು. ಗಾಳಿ ಎಂದರೇನು ಎಂದು ಯಾರೂ ಅವಳಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಮಗು ಬೆಚ್ಚಿಬಿದ್ದು ಜ್ವರ ಬಂದರೆ ಗಾಳಿ ಸೋಕಿದೆ ಅನ್ನುತ್ತಾರೆ, ಹೆಂಗಸು ತನ್ನಷ್ಟಕ್ಕೆ ತಾನು ಮಾತಾಡಿಕೊಂಡರೆ ಗಾಳಿ ಮೆಟ್ಟಿದೆ ಅನ್ನುತ್ತಾರೆ. ತಮ್ಮನಿಗೂ ಅದೇ ಅರ್ಥವಾಯಿತು. ಒಬ್ಬಳು ಅದನ್ನು ನಂಬಿ ನಡುಗಿದಳು, ಇನ್ನೊಬ್ಬ ನಂಬದೆ ನಕ್ಕ. ಅಜ್ಜ ಹೇಳಿದ ಮಾತಿಗೆ ಇನ್ನೊಂದು ಅರ್ಥ ಇರಬಹುದೆಂದು ಇಬ್ಬರಿಗೂ ಹೊಳೆಯಲಿಲ್ಲ.

ಹಿತ್ತಲಲ್ಲಿ ಕೊಳೆತ ಮೊಟ್ಟೆಯ ನಾತ. ಮೇಸ್ತ್ರಿ ಮೂಗಿಗೆ ಬಟ್ಟೆ ಕಟ್ಟಿಕೊಂಡು ದೂರದಲ್ಲೇ ನಿಂತ. ಕತ್ತಲು ಇಳಿದ ಹಾಗೆ, ನಿಜಕ್ಕೂ, ತೊಟ್ಟಿಯ ಪಕ್ಕದಲ್ಲಿ ನೀಲಿ ಬೆಳಕು ಕಾಣಿಸಿತು. ಒಂದು ಕ್ಷಣ ಉದ್ದವಾಗುವುದು, ಒಂದು ಕ್ಷಣ ತುಂಡು ತುಂಡಾಗುವುದು. ಅಕ್ಕ ಹಿಂದಕ್ಕೆ ಸರಿದು ಕಾಂಪೌಂಡಿನ ಗೋಡೆಗೆ ಬೆನ್ನು ಆನಿಸಿದಳು. ಬೆಳಕು ಫಕ್ಕನೆ ಮಾಯವಾಯಿತು.

"ಅಕ್ಕಾ, ಸ್ವಲ್ಪ ಪಕ್ಕಕ್ಕೆ ಬಾ" ಎಂದ ತಮ್ಮ. ಬಂದಳು. ಬೆಳಕೂ ಬಂತು. "ಈಗ ಮತ್ತೆ ಗೋಡೆಗೆ ಒರಗು." ಒರಗಿದಳು. ಬೆಳಕು ಹೋಯಿತು. ಗೋಡೆಯಲ್ಲಿ ಒಂದು ಬಿರುಕು; ಬಿರುಕಿನಾಚೆ ಹೆದ್ದಾರಿಯ ಪೆಟ್ರೋಲ್ ಬಂಕಿನ ನೀಲಿ ಬೋರ್ಡು; ಇತ್ತ ತೊಟ್ಟಿಯ ಸುತ್ತ ನಿಂತ ನೀರು, ಅದರ ಮೇಲೆ ಎಣ್ಣೆಯ ಪೊರೆ. ನೀರು ಅಲುಗಿದ ಹಾಗೆಲ್ಲ ದೆವ್ವ ಕುಣಿಯುತ್ತಿತ್ತು. "ನೋಡಿ ಮೇಸ್ತ್ರಿ, ನಮ್ಮಕ್ಕನ ಬೆನ್ನಿಗೇ ಓಡಿಹೋಯ್ತು" ಎಂದ ತಮ್ಮ.

ನರಳುವ ಸದ್ದೂ ಸಿಕ್ಕಿತು. ಗೋಡೆಗುಂಟ ಮೇಲೆದ್ದ ಒಂದು ಪೈಪಿನ ತಲೆ ಮುರಿದು, ಗಾಳಿ ಅಡ್ಡ ಬೀಸಿದಾಗ ಖಾಲಿ ಬಾಟಲಿಯ ಬಾಯಿಯಲ್ಲಿ ಊದಿದ ಹಾಗೆ ಕೂಗುತ್ತಿತ್ತು. ತಮ್ಮ ಅಂಗೈ ಇಟ್ಟು ಅದರ ಬಾಯಿ ಮುಚ್ಚಿದ, ತೆರೆದ, ಮುಚ್ಚಿದ, ತೆರೆದ. ಮೇಸ್ತ್ರಿಗೆ ನಗು ಬಂತು. ಅಕ್ಕನಿಗೂ ಉಸಿರು ಸ್ವಲ್ಪ ಕೆಳಗಿಳಿಯಿತು. ಇನ್ನೇನು, ಮನೆಗೆ ಹೋಗಬಹುದು ಎಂದುಕೊಂಡಳು.

ಆದರೆ ದೀಪ ಆರುವುದೊಂದು ಉಳಿದಿತ್ತು.

ತಮ್ಮ ಮುಚ್ಚಳ ಸರಿಸಿ, ಡಬ್ಬಿಯೊಂದರಲ್ಲಿ ಮೋಂಬತ್ತಿ ನಿಲ್ಲಿಸಿ, ದಾರ ಕಟ್ಟಿ ಇಳಿಬಿಟ್ಟ. ಒಳಗಿನ ಕಬ್ಬಿಣದ ಮೆಟ್ಟಿಲುಗಳು ಒಂದೊಂದಾಗಿ ಕಂಡವು, ಆಮೇಲೆ ಮೋಂಬತ್ತಿ ಸುಮ್ಮನೆ ಆರಿತು. ಅಲುಗಲಿಲ್ಲ, ಬಾಗಲಿಲ್ಲ, ಸಣ್ಣದಾಗುತ್ತಾ ಹೋಗಿ ಆರಿತು. ಇನ್ನೊಮ್ಮೆ ಹಚ್ಚಿ ಬಿಟ್ಟ. ಅದೇ ಆಳಕ್ಕೆ ಬಂದಾಗ ಮತ್ತೆ ಆರಿತು.

ನಗುತ್ತಿದ್ದ ಮೇಸ್ತ್ರಿ ಬಾಯಿ ಮುಚ್ಚಿದ. ಅಕ್ಕ ತಮ್ಮನ ತೋಳು ಹಿಡಿದಳು. "ಸಾಕು ಬಾರೋ. ಎರಡು ಗೊತ್ತಾಯ್ತಲ್ಲ, ಸಾಕು."

"ಎರಡು ಗೊತ್ತಾದವನಿಗೆ ಮೂರನೇದು ಗೊತ್ತಾಗಲ್ವಾ? ಒಳಗೆ ಇನ್ನೊಂದು ಪೈಪಿದೆ. ಅಲ್ಲಿಂದ ಗಾಳಿ ನುಗ್ಗಿ ದೀಪ ಆರಿಸ್ತಿದೆ. ಇಳಿದು ನೋಡಿದ್ರೆ ಸಿಗುತ್ತೆ."

"ಅಜ್ಜ ಏನಂದ್ರು? ಇಳಿದವರು ಮೇಲೆ ಬರಲಿಲ್ಲ ಅಂದ್ರು."

"ಕುಡಿದು ಇಳಿದಿರ್ತಾರೆ ಬಿಡು."

ಅವನ ಹಟ ಅವಳಿಗೆ ಗೊತ್ತು. ಹೊಲಿಗೆಯ ಕೋಣೆಗೆ ಓಡಿಹೋಗಿ, ಲಾರಿಯ ಟಾರ್ಪಾಲು ಬಿಗಿಯುವ ಉದ್ದನೆಯ ದಪ್ಪ ಪಟ್ಟಿ ತಂದಳು. ಅವನ ಎದೆಗೆ ಸುತ್ತಿ, ಕಂಕುಳಡಿ ತಂದು, ಬೆನ್ನಿಗೆ ಗಂಟು ಹಾಕಿದಳು. ಗಂಟಿನ ಮೇಲೆ ಇನ್ನೊಂದು ಗಂಟು. ಅವಳ ಲೆಕ್ಕ ಸರಳ. ಕೆಳಗಿನಿಂದ ಅದು ಎಳೆದರೆ ಮೇಲಿನಿಂದ ತಾನು ಎಳೆಯುತ್ತೇನೆ.

"ನಾಯಿ ಕಟ್ಟಿದ ಹಾಗೆ ಕಟ್ಟಿದೀಯಲ್ಲೇ" ಎಂದು ಅವನು ಗೊಣಗಿದ. ಆದರೆ ಬಿಚ್ಚಲಿಲ್ಲ. ಟಾರ್ಚು ಬಾಯಲ್ಲಿ ಕಚ್ಚಿಕೊಂಡು ಇಳಿದ.

ಅಕ್ಕ ಅಂಚಿನಲ್ಲಿ ಮಂಡಿಯೂರಿ ಪಟ್ಟಿ ಬಿಡುತ್ತಾ ಹೋದಳು. ಅವನ ತಲೆ ಕೆಳಗಾಯಿತು, ಬೆಳಕು ಕೆಳಗಾಯಿತು. ಅರ್ಧದಲ್ಲಿ ನಿಂತು ಟಾರ್ಚು ಕೈಗೆ ತೆಗೆದುಕೊಂಡ.

"ಅಕ್ಕಾ, ನಾತ ಹೋಯ್ತು ನೋಡು. ಇಲ್ಲಿ ಏನೂ ವಾಸನೆ ಇಲ್ಲ."

ಒಳ್ಳೆಯ ಸುದ್ದಿ ಅನ್ನಿಸಬೇಕಾಗಿತ್ತು, ಅನ್ನಿಸಲಿಲ್ಲ. ಮೇಲೆ ಇಷ್ಟು ನಾರುತ್ತಿದೆ, ಕೆಳಗೆ ಹೇಗೆ ಇಲ್ಲ? "ಹತ್ತಿ ಬಾರೋ" ಎಂದಳು.

"ಇನ್ನೆರಡು ಮೆಟ್ಟಿಲು. ಪೈಪು..." ಮಾತು ನಿಂತಿತು. "ಅಕ್ಕಾ, ಯಾಕೋ..."

ಟಾರ್ಚು ಕೆಳಗೆ ಬಿತ್ತು. ಬಿದ್ದಲ್ಲೇ ಉರಿಯುತ್ತಾ ಮಲಗಿತು. ಪಟ್ಟಿ ಒಮ್ಮೆಲೇ ಭಾರವಾಗಿ ಅವಳ ಅಂಗೈ ಸುಟ್ಟುಕೊಂಡು ಜಾರಿತು.

ಅವಳು ಕಿರುಚಿದಳು. ಮೇಸ್ತ್ರಿ ಅಷ್ಟರಲ್ಲಿ ಗೇಟಿನ ಕಡೆ ಓಡಿದ್ದ. ಓಡಿದ ಸದ್ದಿಗೇ ಅಜ್ಜ ಬಂದ. ಇಬ್ಬರೂ ಸೇರಿ ಎಳೆದರು. ಸ್ವಲ್ಪ ಬಂತು, ಆಮೇಲೆ ಬರಲಿಲ್ಲ. ಅವನ ತೋಳೋ ಪಟ್ಟಿಯೋ ಯಾವುದೋ ಮೆಟ್ಟಿಲಿಗೆ ಸಿಕ್ಕಿಕೊಂಡಿತ್ತು. ಟಾರ್ಚಿನ ಬೆಳಕಿನಲ್ಲಿ ಅವನ ತಲೆ ಎದೆಯ ಮೇಲೆ ಜೋತುಬಿದ್ದದ್ದು ಕಾಣುತ್ತಿತ್ತು.

ಅಕ್ಕ ಮೊದಲ ಮೆಟ್ಟಿಲಿಗೆ ಕಾಲಿಟ್ಟಳು. ಹಲ್ಲಿಗೆ ಹೆದರುವವಳು! ಅಜ್ಜ ಅವಳ ಜಡೆಗೇ ಕೈಹಾಕಿ ಎಳೆದು ನೆಲಕ್ಕೆ ಕೆಡವಿದ.

"ಇಳಿದ್ರೆ ನೀನೂ ಹೋಗ್ತೀಯ ತಾಯಿ! ಕೆಟ್ಟ ಗಾಳಿ ಅಂದೆನಲ್ಲ! ಕೂಗು, ಇಲ್ಲಿಂದಲೇ ಕೂಗು!"

ಅವಳು ಬೋರಲಾಗಿ ಮಲಗಿ ತೊಟ್ಟಿಯೊಳಕ್ಕೆ ಕೂಗಿದಳು. ಏನೇನು ಕೂಗಿದಳೋ ಅವಳಿಗೇ ತಿಳಿಯದು. ಬಾಯಿಗೆ ಬಂದದ್ದೆಲ್ಲ ಕೂಗಿದಳು, ಗಂಟಲು ಹರಿಯುವ ಹಾಗೆ ಕೂಗಿದಳು. ಕೆಳಗೆ ಅವನ ತಲೆ ಒಂದಿಷ್ಟು ಮೇಲೆದ್ದಿತು. ಒಂದು ಕೈ ಅಲುಗಿತು. ಅಷ್ಟೇ ಸಾಕಾಯಿತು, ಸಿಕ್ಕಿಕೊಂಡಿದ್ದದ್ದು ಬಿಟ್ಟಿತು. ಇಬ್ಬರೂ ಉಸಿರು ಕಟ್ಟಿ ಎಳೆದು ಅವನನ್ನು ಅಂಚಿಗೆ ತಂದು ಹಾಕಿದರು.

ಆಸ್ಪತ್ರೆಯಲ್ಲಿ ಅವನ ಮುಖಕ್ಕೆ ಕೊಳವೆ ಹಾಕಿ ಗಾಳಿ ಕೊಟ್ಟರು. ಜಗತ್ತಿಗೆಲ್ಲ ಗಾಳಿ ತುಂಬಿಸುವವನಿಗೆ ಬೇರೆಯವರು ಗಾಳಿ ತುಂಬಿಸುತ್ತಿದ್ದಾರಲ್ಲ ಎಂದು ಅಕ್ಕನಿಗೆ ಹುಚ್ಚು ನಗು ಬಂತು, ಹಿಂದೆಯೇ ಅಳು ಬಂತು. ನರ್ಸು ಅವಳ ಸುಟ್ಟ ಅಂಗೈಗೆ ಮುಲಾಮು ಹಚ್ಚುತ್ತಾ ಹೇಳಿದಳು: ಮುಚ್ಚಿದ ತೊಟ್ಟಿಯಲ್ಲಿ ಕೊಳಕು ಕೊಳೆತು ವಿಷದ ಗಾಳಿ ಕಟ್ಟುತ್ತದೆ. ಮೊದಲು ಕೊಳೆತ ಮೊಟ್ಟೆಯ ನಾತ ಹೊಡೆಯುತ್ತದೆ. ಹೆಚ್ಚಾದರೆ ಮೂಗನ್ನೇ ಸಾಯಿಸುತ್ತದೆ, ನಾತ ಹೋಯಿತು ಅಂದುಕೊಳ್ಳುತ್ತಾರೆ, ಆಗಲೇ ಅಪಾಯ. ದೀಪ ಆರುವುದೂ ಅದಕ್ಕೇ, ಅಲ್ಲಿ ಉಸಿರಾಡುವ ಗಾಳಿ ಇರುವುದಿಲ್ಲ. ಎಳೆಯುವುದು ಇನ್ನೊಂದಿಷ್ಟು ತಡವಾಗಿದ್ದರೆ...

ಮಾತು ಮುಗಿಸುವ ಅಗತ್ಯ ಇರಲಿಲ್ಲ.

ಮರುದಿನ ಅಜ್ಜ ನೋಡಲು ಬಂದಾಗ ಅಕ್ಕ ಹೊರಗೆ ಕರೆದುಕೊಂಡು ಹೋಗಿ ಕೇಳಿದಳು. "ಕೆಟ್ಟ ಗಾಳಿ ಅಂದ್ರಲ್ಲ ಅಜ್ಜಾ, ನೀವು ಹೇಳಿದ್ದು ಈ ಗಾಳೀನೋ, ಆ ಗಾಳೀನೋ?"

ಅಜ್ಜ ತಲೆ ಕೆರೆದುಕೊಂಡ. "ನಮಗೆ ಹೇಳಿದವರು ಅಷ್ಟೇ ಹೇಳಿದ್ರು ತಾಯಿ. ಬಿಡಿಸಿ ಹೇಳಲಿಲ್ಲ. ಇಳೀಬಾರದು ಅಂತ ಗೊತ್ತು, ಅಷ್ಟು ಸಾಕಾಗಿತ್ತು."

ದೆವ್ವದ ಡಾಕ್ಟರನ್ನೇ ದೆವ್ವ ಹಿಡಿಯಿತು ಎಂದು ಗಾಳಿಸುದ್ದಿ ಹಬ್ಬಿತು. ಅಕ್ಕ ಕಂಡಕಂಡವರಿಗೆಲ್ಲ "ಅದು ಬರೀ ಗಾಳಿ" ಎಂದು ತಿಳಿಸಿ ಹೇಳಲು ಹೋದಳು. "ಅದೇ ತಾನೇ ನಾವೂ ಹೇಳ್ತಿರೋದು?" ಎಂದು ಅವರು ತಲೆಯಾಡಿಸಿದರು. ಎರಡು ಸಲ ಹೀಗಾದ ಮೇಲೆ ಸುಮ್ಮನಾದಳು.

ಜನರ ಬಾಯಿ ಹಾಗಿರಲಿ, ಅವಳ ನಿದ್ದೆ ಕೆಡಿಸಿದ್ದು ತಮ್ಮ. ಮನೆಗೆ ಬಂದವನು ಮೊದಲಿನವನಾಗಿರಲಿಲ್ಲ. ಮೈಯೇನೋ ನೆಟ್ಟಗಾಯಿತು, ಅಂಗಡಿ ತೆಗೆದ, ಟ್ಯೂಬು ಉಜ್ಜಿದ, ಅಂಟು ಹಚ್ಚಿದ. ಆದರೆ ನಗಲಿಲ್ಲ. ಗಿರಾಕಿಗಳು ಕೆಣಕಿದರೂ ತಿರುಗಿ ಮಾತಾಡಲಿಲ್ಲ. ಹೊತ್ತು ಮುಳುಗಿದರೆ ಸಾಕು, ಸ್ಟೂಲನ್ನು ರಸ್ತೆಯ ಕಡೆ ತಿರುಗಿಸಿ ಎದುರಿನ ಕಾರ್ಖಾನೆಯನ್ನೇ ನೋಡುತ್ತಾ ಕೂರುತ್ತಿದ್ದ. ತುತ್ತು ಬಾಯಿಗಿಟ್ಟುಕೊಂಡು ಅಗಿಯುವುದನ್ನು ಮರೆಯುತ್ತಿದ್ದ.

"ಏನೋ ಅದು?" ಎಂದು ಅಕ್ಕ ಕೇಳಿದರೆ, "ಏನಿಲ್ಲ" ಅನ್ನುತ್ತಿದ್ದ. ಇಷ್ಟು ವರ್ಷ ಅವಳು ಏನೇನೋ ಇದೆ ಎಂದಾಗ ಅವನು ಏನಿಲ್ಲ ಎಂದರೆ ಅವಳಿಗೆ ಧೈರ್ಯ ಬರುತ್ತಿತ್ತು. ಈಗ ಅದೇ ಮಾತು ಕೇಳಿದರೆ ಹೆದರಿಕೆ ಹೆಚ್ಚಾಗುತ್ತಿತ್ತು. ಅವಳು ಮಂಚವನ್ನು ಬಾಗಿಲಿಗೆ ಅಡ್ಡ ಎಳೆದು ಮಲಗತೊಡಗಿದಳು. ಸ್ನಾನಕ್ಕೆ ಹೋದರೂ ಕಿವಿ ಹೊರಗೇ. ಕಾವಲು ಕಾಯುವುದು ಯಾವುದಕ್ಕೆ ಎಂದು ಕೇಳಿದ್ದರೆ ಅವಳಿಗೆ ಹೇಳಲು ಬರುತ್ತಿರಲಿಲ್ಲ.

ಆ ಸಂಜೆ ಲಾರಿಯವನೊಬ್ಬ ಸೀಟಿನ ಕವರಿಗೆ ಅವಸರ ಮಾಡಿದ್ದ. ಯಂತ್ರ ಜೋರಾಗಿ ಓಡುತ್ತಿತ್ತು. ದಾರ ತುಂಡಾಗಿ ಯಂತ್ರ ನಿಂತಾಗ, ಅಂಗಡಿಯ ಕಡೆಯಿಂದ ಏನೂ ಸದ್ದಿಲ್ಲದ್ದು ಅವಳಿಗೆ ಕೇಳಿಸಿತು. ಎದ್ದು ಬಂದಳು. ನೀರಿನ ಬಾನಿಯಲ್ಲಿ ಅದ್ದಿದ ಟ್ಯೂಬು ಇನ್ನೂ ಗುಳ್ಳೆ ಬಿಡುತ್ತಿತ್ತು. ಸ್ಟೂಲು ಖಾಲಿ.

ಅವಳು ಚಪ್ಪಲಿ ಕೂಡ ಹಾಕಿಕೊಳ್ಳದೆ ಹೆದ್ದಾರಿ ದಾಟಿದಳು. ಯಾವುದೋ ಗಾಡಿ ಹಾರನ್ ಹೊಡೆದು ಬೈದುಕೊಂಡು ಹೋಯಿತು. ಗೇಟಿನಲ್ಲಿ ಅಜ್ಜ ಇರಲಿಲ್ಲ, ಊಟಕ್ಕೆ ಹೋಗಿದ್ದಿರಬೇಕು. ಹಿತ್ತಲಿಗೆ ಹೋಗುವ ದಾರಿಯಲ್ಲಿ ಆ ಪೈಪು ನರಳುತ್ತಿತ್ತು. ಅದು ಪೈಪು ಎಂದು ಅವಳಿಗೆ ಗೊತ್ತು, ಕಣ್ಣಾರೆ ಕಂಡಿದ್ದಾಳೆ. ಆದರೂ ಮೈಯ ರೋಮಗಳೆಲ್ಲ ನಿಂತುಕೊಂಡವು. ತಿಳಿದು ಹೆದರುವುದಕ್ಕೂ ತಿಳಿಯದೆ ಹೆದರುವುದಕ್ಕೂ ಕಾಲುಗಳಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಅವು ನಡುಗುತ್ತಲೇ ನಡೆದವು.

ಅವತ್ತಿನ ಮೇಲೆ ಅಜ್ಜ ಮುಚ್ಚಳಕ್ಕೆ ಹೇರಿದ್ದ ಕಲ್ಲುಗಳನ್ನೆಲ್ಲ ಪಕ್ಕಕ್ಕೆ ಇಟ್ಟಾಗಿತ್ತು. ಮುಚ್ಚಳ ಸರಿದಿತ್ತು. ತಮ್ಮ ತೊಟ್ಟಿಯ ಅಂಚಿನಲ್ಲಿ ಕೂತಿದ್ದ, ಕಾಲು ಒಳಗೆ, ಪಾದ ಎರಡನೇ ಮೆಟ್ಟಿಲ ಮೇಲೆ. ಪಟ್ಟಿ ಇರಲಿಲ್ಲ, ಟಾರ್ಚೂ ಇರಲಿಲ್ಲ. ನಾತ ಮೂಗಿಗೆ ಹೊಡೆಯಿತು. ನಾತ ಇದೆ, ಹಾಗಾದರೆ ಇನ್ನೂ ಮೇಲೇ ಇದ್ದಾನೆ ಎಂದು ಅವಳು ಲೆಕ್ಕ ಹಾಕಿದಳು.

ಓಡಿಹೋಗಿ ಹಿಡಿದುಕೊಳ್ಳೋಣ ಎಂದರೆ, ಅವನು ಬೆಚ್ಚಿ ಜಾರಿದರೆ? ಅವಳು ನಿಂತಲ್ಲೇ ನಿಂತಳು.

"ಬಾರೋ ಮನೆಗೆ."

"ನೀನು ಹೋಗಿರಕ್ಕಾ. ಬರ್ತೀನಿ."

"ಅದರಲ್ಲಿ ವಿಷದ ಗಾಳಿ ಇದೆ ಕಣೋ. ನರ್ಸು ಹೇಳಿದ್ದು ನೀನೂ ಕೇಳಿದೆಯಲ್ಲ."

"ಕೇಳಿದೆ." ಅವನು ಕತ್ತಲಿನೊಳಕ್ಕೆ ನೋಡುತ್ತಲೇ ಹೇಳಿದ. "ಗಾಳಿ ಯಾರನ್ನಾದ್ರೂ ಕಂದಾ ಅಂತ ಕರೆಯುತ್ತಾ?"

ಅವಳಿಗೆ ಅರ್ಥವಾಗಲಿಲ್ಲ.

"ಅಮ್ಮ ಇದ್ದಾಳೆ ಅಕ್ಕಾ. ಅವತ್ತು ನನ್ನ ಕರೆದಳು. ಕಂದಾ, ಕಂದಾ ಅಂತ. ಎಷ್ಟು ಜೋರಾಗಿ ಕರೆದಳು ಗೊತ್ತಾ? ಮುಖ ಕಾಣಲಿಲ್ಲ. ಇನ್ನೊಂದು ಸ್ವಲ್ಪ ಹೊತ್ತು ಇದ್ದಿದ್ರೆ ಕಾಣ್ತಿತ್ತು, ನೀವು ಎಳೆದುಬಿಟ್ರಿ." ಅವನು ಕತ್ತಲಿನ ಕಡೆ ಇನ್ನಷ್ಟು ಬಗ್ಗಿದ. "ಅಮ್ಮ ರಾತ್ರಿ ಹೊತ್ತು ಬಂದು ನಿನ್ನ ನೋಡಿಕೊಂಡು ಹೋಗ್ತಾಳೆ ಅಂತ ನಾನು ಚಿಕ್ಕೋನಿದ್ದಾಗ ಅಮ್ಮನ ತಂಗಿ, ಚಿಕ್ಕಮ್ಮ ಹೇಳ್ತಿದ್ದಳಲ್ಲ. ಎಷ್ಟು ರಾತ್ರಿ ಎದ್ದು ಕೂತಿದ್ದೆ ನಾನು. ಬರಲೇ ಇಲ್ಲ. ಆಮೇಲೆ ನಾನೇ ಹೋಗಿ ನೋಡಿದೆ, ಎಲ್ಲೆಲ್ಲಿ ಅಂದ್ರೋ ಅಲ್ಲೆಲ್ಲ. ಹೋದ್ರೆ ಪ್ಲಾಸ್ಟಿಕ್ಕು. ಹೋದ್ರೆ ಗೂಬೆ. ಹೋದ್ರೆ ಚಮಚ."

ಅಕ್ಕ ಇಷ್ಟು ವರ್ಷ ಅವನ ಅಂಗಿಯ ತುದಿ ಹಿಡಿದು ಹಿಂದೆ ಹಿಂದೆ ನಡೆದಿದ್ದಳು, ದೆವ್ವ ಇಲ್ಲವೆಂದು ತೋರಿಸಲು ಹೋಗುತ್ತಾನೆ ಎಂದೇ ತಿಳಿದಿದ್ದಳು. ಅವನು ಹೋಗುತ್ತಿದ್ದದ್ದು ದೆವ್ವ ಇದ್ದರೆ ಸಾಕು ಎಂದು. ಬಳಿಗೆ ಹೋಗಿ ನೋಡಿದಾಗಲೆಲ್ಲ ಅವನಿಗೆ ಸಿಗುತ್ತಿದ್ದದ್ದು ಅಮ್ಮನಲ್ಲದ ಇನ್ನೊಂದು ವಸ್ತು. ಇದನ್ನು ಅರಿಯದ ತಾನು ಎಂಥ ಅಕ್ಕ ಎಂದು ಅವಳಿಗೆ ತನ್ನ ಮೇಲೇ ಸಿಟ್ಟು ಬಂತು.

ಅವನ ಪಾದ ಮೂರನೇ ಮೆಟ್ಟಿಲನ್ನು ತಡಕಿತು.

ಹೌದು, ಅಮ್ಮನೇ ಕರೆದದ್ದು ಎಂದುಬಿಡಲೇ? ಮೇಲೆ ಬಾ ಎಂದು ಕರೆದಳಲ್ಲ, ಅವಳ ಮಾತು ಕೇಳಿ ಮೇಲೆ ಬಾ ಎಂದರೆ ಬಂದಾನು. ಇವತ್ತು ಬಂದಾನು. ನಾಳೆ? ನಾಡಿದ್ದು? ಅಮ್ಮ ಇಲ್ಲಿದ್ದಾಳೆ ಎಂದಾದರೆ ಯಾವ ಮಗ ಮನೆಯಲ್ಲಿ ಕೂತಿರುತ್ತಾನೆ? ಬೇಡ.

"ಒಂದು ಮಾತು ಕೇಳ್ತೀನಿ, ನೆನಪು ಮಾಡಿಕೊಂಡು ಹೇಳು" ಎಂದಳು. "ಆ ಧ್ವನಿ ಕೆಳಗಿಂದ ಬಂತಾ, ಮೇಲಿಂದ ಬಂತಾ?"

ಪಾದ ನಿಂತಿತು. ಅವನು ತಲೆ ಎತ್ತಿದ. ಹುಬ್ಬು ಗಂಟಿಕ್ಕಿತು, ಪೈಪಿನ ಬಾಯಿ ಹುಡುಕುವಾಗಲೂ ಅವನ ಹುಬ್ಬು ಹಾಗೇ ಆಗುತ್ತಿತ್ತು.

"ಮೇಲಿಂದ" ಎಂದ ಕಡೆಗೆ.

"ಮೇಲೆ ಇದ್ದವರು ಯಾರು?"

ಅವನು ಅಂಚಿನ ಕಡೆ ನೋಡಿದ.

"ನಾನು ಕೂಗಿದ್ದು ಕಣೋ. ಇಲ್ಲೇ ಬೋರಲು ಬಿದ್ದುಕೊಂಡು ಕೂಗಿದೆ. ಅಮ್ಮ ನಿನ್ನ ಕಂದಾ ಅಂತಿದ್ದಳು. ನಾನು ಒಂದು ದಿನಾನೂ ಹಾಗೆ ಕರೆದವಳಲ್ಲ, ಅದು ಅವಳ ಮಾತು ಅಂತ. ಅವತ್ತು ಬಾಯಿಗೆ ಬಂದುಬಿಡ್ತು."

ಪೈಪು ಉದ್ದಕ್ಕೆ ನರಳಿತು. ಅವನ ಮುಖ ಸಣ್ಣಗಾಗುತ್ತಾ ಹೋದದ್ದು ಆ ಮಸುಕಿನಲ್ಲೂ ಅವಳಿಗೆ ಕಂಡಿತು. ಬದುಕಿನಲ್ಲಿ ಅವಳು ಅವನಿಂದ ಏನನ್ನೂ ಕಿತ್ತುಕೊಂಡಿರಲಿಲ್ಲ. ಇದನ್ನು ಕಿತ್ತುಕೊಂಡಳು.

"ಹಾಗಾದ್ರೆ ಯಾರೂ ಇರಲಿಲ್ಲ ಅನ್ನು" ಎಂದ.

"ನಾನಿದ್ನಲ್ಲೋ."

ಅವನ ಕಾಲು ಇನ್ನೂ ಒಳಗೇ ಇತ್ತು. ಅವಳು ಕಾದಳು. ಆಮೇಲೆ ಅವನು ಕಣ್ಣು ಮುಚ್ಚಿಕೊಂಡ.

"ಎಲ್ಲಿ, ಇನ್ನೊಂದ್ಸಲ ಕರಿ."

ಅವಳಿಗೆ ಧ್ವನಿ ಹೊರಡಲಿಲ್ಲ. ಆ ದಿನ ಬಂದ ಧ್ವನಿಯೇ ಇವತ್ತೂ ಬರದಿದ್ದರೆ? ಅವನು ಅದಲ್ಲ ಎಂದುಬಿಟ್ಟರೆ? ಅವಳು ನೆಲದ ಮೇಲೆ ಕೂತಳು, ಎರಡೂ ಕೈ ಮಣ್ಣಿಗೆ ಊರಿದಳು, ಹೊಟ್ಟೆಯ ಆಳದಿಂದ ಕೂಗಿದಳು.

"ಕಂದಾ!"

ಗೋಡೆಗೆ ಬಡಿದು, ತೊಟ್ಟಿಯೊಳಕ್ಕೆ ಇಳಿದು, ಧ್ವನಿ ಕೆಳಗಿನಿಂದ ಒಮ್ಮೆ ತಿರುಗಿ ಬಂತು. ಅವನು ಕಣ್ಣು ಮುಚ್ಚಿಕೊಂಡೇ ಕೇಳಿದ. ಪೂರ್ತಿ ನಿಲ್ಲುವವರೆಗೂ ಕೇಳಿದ. ಒಂದು ಕಾಲನ್ನು ಮೇಲಕ್ಕೆ ತೆಗೆದುಕೊಂಡ, ಆಮೇಲೆ ಇನ್ನೊಂದನ್ನು.

"ನೀನೇ ಕಣಕ್ಕಾ" ಎಂದು ಅವಳ ಹೆಗಲಿಗೆ ಮುಖ ಒತ್ತಿ ಚಿಕ್ಕ ಮಗುವಿನ ಹಾಗೆ ಜೋರಾಗಿ ಅತ್ತ.